ಬದಲಾಗುತ್ತಲೇ ಹೋದ ಹಾಡು

ವಿಶ್ವದಗಲಕ್ಕೂ ಹಬ್ಬುವ ಹಾಡೊಂದು ಹುಟ್ಟಿದ್ದು ಮನೆಯೊಳಗಿನ ಕಿರಿಕಿರಿಯಿಂದ. ಪತ್ನಿ ಮಾತಾಡಿ ಮಲಗಿದ ಮೇಲೂ ಆ ಮಾತುಗಳು ಜಾನ್ ಲೆನನ್ ಕಿವಿಯಲ್ಲಿ ಹರಿಯುತ್ತಲೇ ಇದ್ದವು. ಎದ್ದು ಬರೆಯತೊಡಗಿದಾಗ ಸಿಟ್ಟು ಕರಗಿತು; ಬೀಟಲ್ಸ್ ತಂಡದ ‘ಅಕ್ರಾಸ್ ದಿ ಯೂನಿವರ್ಸ್’ ಮೂಡಿತು.

ಜಾನಪದ ಧಾಟಿಯ ಸರಳ ಗಿಟಾರ್‌ಗೆ ಕನಸಿನಂಥ ನಾದಗಳನ್ನು ಬೆರೆಸುವುದೇ ‘ಸೈಕೆಡೆಲಿಕ್ ಫೋಕ್’. ಇಲ್ಲಿ ಆ ಗುಂಗು ಹಿಡಿಸುವುದು ಜಾರ್ಜ್ ಹ್ಯಾರಿಸನ್ ನುಡಿಸಿದ ತಂಬೂರಿ. ಹಾಡಿನಲ್ಲಿ ಗುರುದೇವನ ಜಯಕಾರವೂ ಇದೆ. ಆ ಗುರುದೇವ, ಮಹರ್ಷಿ ಮಹೇಶ್ ಯೋಗಿಯವರ ಗುರು, ಜ್ಯೋತಿರ್ಮಠದ ಬ್ರಹ್ಮಾನಂದ ಸರಸ್ವತಿ. ತಂಡ ಹೃಷಿಕೇಶಕ್ಕೆ ಹೊರಡುವ ಮುನ್ನ, 1968ರ ಫೆಬ್ರುವರಿ 4ರಂದು ಧ್ವನಿಮುದ್ರಣ ಆರಂಭವಾಯಿತು. ಮೇಲುಸ್ಥಾಯಿಯ ದನಿ ಬೇಕಾದಾಗ, ಸ್ಟುಡಿಯೋ ಹೊರಗೆ ಕಾದಿದ್ದ ಇಬ್ಬರು ಅಭಿಮಾನಿ ಹುಡುಗಿಯರನ್ನೇ ಕರೆದು ಹಾಡಿಸಲಾಯಿತು.

ತನ್ನ ಜಗತ್ತನ್ನು ಯಾವುದೂ ಬದಲಿಸದು ಎನ್ನುವ ಈ ಹಾಡೇ ಮತ್ತೆ ಮತ್ತೆ ಬದಲಾದದ್ದು ವಿಪರ್ಯಾಸ. 1969ರಲ್ಲಿ ವನ್ಯಜೀವಿ ನಿಧಿಯ ನೆರವಿಗಾಗಿ ಹೊರಬಂದ ಆಲ್ಬಂನಲ್ಲಿ ವೇಗ ಹೆಚ್ಚಿತು, ಹಕ್ಕಿಗಳ ಕಲರವ ಸೇರಿತು. 1970ರ ‘ಲೆಟ್ ಇಟ್ ಬಿ’ಗಾಗಿ ಫಿಲ್ ಸ್ಪೆಕ್ಟರ್ ವೇಗ ತಗ್ಗಿಸಿ, ಹಕ್ಕಿಗಳನ್ನೂ ಹುಡುಗಿಯರ ದನಿಯನ್ನೂ ಕೈಬಿಟ್ಟು, ವಾದ್ಯವೃಂದ ಮತ್ತು ಗಾಯನವೃಂದಗಳನ್ನು ತುಂಬಿದರು. 2003ರಲ್ಲಿ ಆ ಅಲಂಕಾರವನ್ನೂ ಕಳಚಲಾಯಿತು. ಮೂರಕ್ಕೂ ಮೂಲ 1968ರ ಅದೇ ಮುದ್ರಣ.

ಸಾಹಿತ್ಯವನ್ನು ತಮ್ಮ ಶ್ರೇಷ್ಠ ರಚನೆಗಳಲ್ಲಿ ಒಂದೆಂದು ಎಣಿಸಿದ್ದ ಲೆನನ್‌ಗೆ ಧ್ವನಿಮುದ್ರಣ ಮಾತ್ರ ಕಡೆತನಕ ಹಿಡಿಸಲಿಲ್ಲ. 1980ರಲ್ಲಿ ಹತ್ಯೆಗೀಡಾದ ಅವರು ಅಲಂಕಾರ ಕಳಚಿದ ರೂಪವನ್ನು ಕೇಳಲಿಲ್ಲ. 2008ರ ಫೆಬ್ರುವರಿ 4ರಂದು, ಸರಿಯಾಗಿ 40 ವರ್ಷಗಳ ಬಳಿಕ, ನಾಸಾ ಈ ಹಾಡನ್ನು ಧ್ರುವನಕ್ಷತ್ರದತ್ತ ಪ್ರಸಾರ ಮಾಡಿತು. ಬೆಳಕಿನ ವೇಗದಲ್ಲಿ ಸಾಗಿದರೂ ಗುರಿ ಮುಟ್ಟಲು ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಬೇಕು.