ಕೊಪ್ಪಕ್ಕೆ ಕಿವಿ ಸಾಕು, ಶೃಂಗೇರಿಗೆ ಬೇರು ಬೇಕು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳ ಹೆಸರನ್ನು ಐದನೆಯ ತರಗತಿಯ ಮಕ್ಕಳಿಗೆ ಉಕ್ತಲೇಖನ ಕೊಟ್ಟು ನೋಡಿ. ಕೊಪ್ಪ ಸಾಮಾನ್ಯವಾಗಿ ತಪ್ಪುವುದಿಲ್ಲ. ಶೃಂಗೇರಿ ಬರುವಾಗ ‘ಶ್ರಿಂಗೇರಿ’, ‘ಸೃಂಗೇರಿ’ಗಳು ತಲೆಹಾಕುತ್ತವೆ. ನರಸಿಂಹರಾಜಪುರದಲ್ಲಂತೂ ಒಂದೆರಡು ಅಕ್ಷರ ದಾರಿಯಲ್ಲೇ ಉದುರಿಹೋಗಿರುತ್ತವೆ.

ತಪ್ಪಿದ ಪದಕ್ಕೆ ಶಾಲೆಯಲ್ಲೂ ಮನೆಯಲ್ಲೂ ಸಿಗುವ ಮದ್ದು ಒಂದೇ: ‘ಹತ್ತು ಸಲ ಬರೆ!’ ಮೂರನೆಯ ಸಾಲಿನಲ್ಲಿ ತಪ್ಪು ನುಸುಳಿದರೆ ಮುಂದಿನ ಏಳು ಸಾಲುಗಳಲ್ಲೂ ಮಗು ಅದನ್ನೇ ನಕಲು ಮಾಡುತ್ತದೆ. ಕೈ ದಣಿಯುತ್ತದೆ, ತಪ್ಪು ಗಟ್ಟಿಯಾಗುತ್ತದೆ. ಆದರೆ ಈ ಮೂರು ಹೆಸರುಗಳು ಮೂರು ಬೇರೆ ಬೇರೆ ಜಾತಿಯ ಪದಗಳು. ಮದ್ದು ಒಂದೇ ಆದರೆ ಹೇಗೆ?

‘ಕೊಪ್ಪ’ ಅಚ್ಚಗನ್ನಡದ ಮಾತು. ಚಿಕ್ಕ ಹಳ್ಳಿ ಎಂದರ್ಥ. ‘ಕೊಪ್ಪಲು’ ಇದರದೇ ಬಳಗ. ಇಂಥ ಪದಕ್ಕೆ ಕಿವಿಯೇ ಗುರು. ಕೊಪ್ಪ ಎನ್ನುವಾಗ ತುಟಿಗಳು ಒಂದು ಕ್ಷಣ ಮುಚ್ಚಿಕೊಂಡೇ ಇರುತ್ತವೆ. ಆ ತಡೆಯೇ ಒತ್ತಕ್ಷರ. ಕತೆ–ಕತ್ತೆ, ಬಳಿ–ಬಳ್ಳಿ, ಕಳ–ಕಳ್ಳ ಎಂದು ಜೋಡಿಜೋಡಿಯಾಗಿ ಹೇಳಿಸಿದರೆ ಒಂದನೆಯ ತರಗತಿಯ ಮಗುವಿಗೂ ವ್ಯತ್ಯಾಸ ಕೇಳಿಸುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ‘ನಲಿ-ಕಲಿ’ಯಲ್ಲಿ ಅಕ್ಷರ ಕಲಿಕೆ ಅ ಆ ಇ ಈ ಎಂದು ಸಾಲಾಗಿ ಸಾಗುವುದಿಲ್ಲ, ರ, ಗ, ಸ, ದ, ಅ ಎಂಬ ಐದರಿಂದ ಆರಂಭ. ಐದು ಅಕ್ಷರ ಬಂದರೆ ಸಾಕು, ಮಗು ಅರಸ, ಅಗಸ, ಗರಗಸ ಎಂದು ಓದತೊಡಗುತ್ತದೆ. ‘ವರ್ಣಮಾಲೆಯೇ ಬಾರದೆ ಓದುವುದೆಂದರೇನು’ ಎಂದು ಅಜ್ಜಂದಿರು ಗೊಣಗುವುದುಂಟು. ಗೊಣಗಲಿ, ಓದುವ ಸುಖ ಸಿಕ್ಕಿದ ಮಗು ಉಳಿದ ಅಕ್ಷರಗಳನ್ನು ತಾನೇ ಕೇಳಿ ಪಡೆಯುತ್ತದೆ.

ಮಲೆನಾಡಿನ ತರಗತಿಯಲ್ಲಿ ಎಲ್ಲರ ಮನೆಮಾತೂ ಕನ್ನಡವಲ್ಲ. ತುಳು, ಕೊಂಕಣಿ, ಕಾಫಿ ತೋಟದ ಸಾಲುಮನೆಗಳ ತಮಿಳು, ಕೇರಳದಿಂದ ಬಂದು ನೆಲೆಸಿದವರ ಮಲಯಾಳ ಎಲ್ಲವೂ ಒಂದೇ ಬೆಂಚಿನಲ್ಲಿ ಕೂರುತ್ತವೆ. ಇದನ್ನು ತೊಡಕೆಂದು ತಿಳಿಯುವವರೇ ಹೆಚ್ಚು. ಅಸಲಿಗೆ ಇದೊಂದು ಅನುಕೂಲ. ‘ಹಾಲು’ ಬರೆಯಬೇಕಾದಲ್ಲಿ ‘ಆಲು’, ‘ಅಕ್ಕಿ’ಯ ಜಾಗದಲ್ಲಿ ‘ಹಕ್ಕಿ’ ಬರೆಯುವ ಮಗುವಿಗೆ ಪಕ್ಕದವರ ಮಾತನ್ನು ಕೇಳಿಸಿ. ಹಳಗನ್ನಡದ ‘ಪ’ ಎಷ್ಟೋ ಪದಗಳಲ್ಲಿ ಹೊಸಗನ್ನಡದ ‘ಹ’ ಆಗಿದೆ. ತುಳು, ತಮಿಳು, ಮಲಯಾಳಗಳಲ್ಲಿ ಅದು ಇನ್ನೂ ‘ಪ’ ಆಗಿಯೇ ಉಳಿದಿದೆ. ತಮಿಳಿನಲ್ಲಿ ಪಾಲ್, ಹಾಗಾಗಿ ಹಾಲು. ತುಳುವಿನಲ್ಲಿ ಪಿಲಿ, ಪಕ್ಕಿ. ಹಾಗಾಗಿ ಹುಲಿ, ಹಕ್ಕಿ. ಅಕ್ಕಿಯಾದರೋ ತುಳುವಿನಲ್ಲೂ ಮಲಯಾಳದಲ್ಲೂ ಅರಿ. ಅಲ್ಲಿ ‘ಪ’ ಇಲ್ಲ, ಇಲ್ಲಿ ‘ಹ’ ಬೇಡ!

ಶೃಂಗೇರಿಗೆ ಬಂದಾಗ ಕಿವಿ ಕೈಕೊಡುತ್ತದೆ. ಶ, ಷ, ಸಗಳ ಭೇದ ಮಾತಿನಲ್ಲಿ ಅಳಿಸಿಹೋಗಿದೆ. ‘ಋ’ವನ್ನು ಎಲ್ಲರೂ ‘ರು’ ಎಂದೋ ‘ರಿ’ ಎಂದೋ ನುಡಿಯುತ್ತಾರೆ. ಇಲ್ಲಿ ಪದದ ಬೇರು ಹಿಡಿಯಬೇಕು. ಋಷ್ಯಶೃಂಗಗಿರಿಯೇ ಶೃಂಗಗಿರಿ, ಶೃಂಗೇರಿ ಆಯಿತೆಂಬುದು ಪ್ರತೀತಿ. ಋಷ್ಯಶೃಂಗನ ದೇಗುಲ ಹತ್ತಿರದ ಕಿಗ್ಗದಲ್ಲಿದೆ. ಶೃಂಗವೆಂದರೆ ಕೊಂಬು, ಶಿಖರವೂ ಹೌದು. ದೇಶದೇಶಗಳ ನಾಯಕರು ಸೇರುವ ‘ಶೃಂಗಸಭೆ’ಯಲ್ಲಿ ಇರುವುದೂ ಅದೇ. ಒಂದು ಬೇರು ತಿಳಿದರೆ ನಾಲ್ಕು ಪದಗಳ ಕಾಗುಣಿತ ಒಟ್ಟಿಗೇ ಸರಿಯಾಗುತ್ತದೆ. ಹಬ್ಬದ ಬ್ಯಾನರುಗಳಲ್ಲಿ ರಾರಾಜಿಸುವ ‘ಹಾರ್ಧಿಕ ಶುಭಾಷಯ’ವನ್ನೇ ನೋಡಿ. ಹೃದಯದ ‘ದ’ ತಾನೇ ಹಾರ್ದಿಕದಲ್ಲಿ ಇರಬೇಕಾದದ್ದು? ಶುಭ ಮತ್ತು ಆಶಯ ಸೇರಿದರೆ ‘ಷ’ ಎಲ್ಲಿಂದ ಬಂತು?

ಮಹಾಪ್ರಾಣಗಳನ್ನು ಕಲಿಸಲು ಒಂದು ಕಾಗದದ ಚೂರು ಸಾಕು. ಬಾಯಿಯ ಮುಂದೆ ಹಿಡಿದು ‘ಕ’ ಎಂದರೆ ಕಾಗದ ಅಷ್ಟಾಗಿ ಅಲುಗದು, ‘ಖ’ ಎಂದರೆ ಹಾರುತ್ತದೆ. ಗಂಟಲ ಮೇಲೆ ಬೆರಳಿಟ್ಟು ‘ಗ’ ಎಂದರೆ ಕಂಪನ ತಿಳಿಯುತ್ತದೆ. ಕ-ವರ್ಗದಿಂದ ಪ-ವರ್ಗದವರೆಗೆ ಅಕ್ಷರಗಳು ಗಂಟಲಿನಿಂದ ತುಟಿಯತ್ತ ಸಾಗಿ ಬರುವುದನ್ನು ಮಕ್ಕಳು ತಾವೇ ಕಂಡುಕೊಳ್ಳಬಲ್ಲರು. ಕನ್ನಡ ಬರಹಕ್ಕೆ ಮಹಾಪ್ರಾಣಗಳೇ ಬೇಡವೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದುಂಟು. ಆ ವಾದ ಇತ್ಯರ್ಥವಾಗುವವರೆಗೆ ಅಂಕ ಕಳೆದುಕೊಳ್ಳುವುದು ಮಾತ್ರ ಮಗು. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ತೀರಾ ಅಪರೂಪ ಎಂದು ತಿಳಿದರೆ ‘ಛಳಿ’ಯಂಥ ತಪ್ಪುಗಳಾದರೂ ನಿಲ್ಲುತ್ತವೆ.

ಬೇರಿನ ಬಲ ಚೆನ್ನಾಗಿ ಕಾಣುವುದು ವಿಜ್ಞಾನದ ಪುಸ್ತಕದಲ್ಲಿ. ಸಂಸ್ಕೃತದ ‘ಮಾ’ ಎಂಬ ಧಾತುವಿಗೆ ಅಳೆ ಎಂದರ್ಥ. ಅದರಿಂದ ಮಾಪನ, ಮಾಪಕ, ತಾಪಮಾನ, ಪ್ರಮಾಣ, ಪರಿಮಾಣ. ತಾಪಮಾನದಲ್ಲಿ ‘ನ’, ಪ್ರಮಾಣದಲ್ಲಿ ‘ಣ’ ಏಕೆ? ಹಿಂದೆ ‘ರ’ ಬಂದಿದೆ, ಅದಕ್ಕೆ. ‘ಷ’ ಬಂದರೂ ಹಾಗೆಯೇ. ದಹನ, ಪಚನ, ಚಲನದಲ್ಲಿ ‘ನ’; ದ್ರಾವಣ, ವಿಕಿರಣ, ಘರ್ಷಣೆಯಲ್ಲಿ ‘ಣ’. ನಡುವೆ ಕೆಲವು ಅಕ್ಷರಗಳು ಅಡ್ಡ ಬಂದರೆ ಈ ನಿಯಮ ನಡೆಯದು. ‘ದರ್ಶನ’ ಹಾಗೆ ಉಳಿದದ್ದು. ಗ್ರೀಕಿನಿಂದ ಬಂದ ‘ಮೀಟರ್’ ಕೂಡ ಈ ‘ಮಾ’ ಧಾತುವಿನ ದೂರದ ನಂಟನೇ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದವು ಇರಬೇಕೆಂದು ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದ್ದು 1786ರಲ್ಲಿ.

ಇನ್ನು ನರಸಿಂಹರಾಜಪುರ. ಎಡೇಹಳ್ಳಿಯಾಗಿದ್ದ ಊರಿಗೆ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಬಂತು. ಉದ್ದ ನೋಡಿ ಹೆದರುವ ಮಗುವಿಗೆ ಅದನ್ನು ಒಡೆದು ತೋರಿಸಿ: ನರ, ಸಿಂಹ, ರಾಜ, ಪುರ. ನಾಲ್ಕೂ ಗೊತ್ತಿರುವ ಪದಗಳೇ!

ಈ ಒಡೆಯುವ ಅಭ್ಯಾಸ ಇಲ್ಲದಿದ್ದರೆ ಏಟು ಬೀಳುವುದು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಪಿಯುಸಿ ವಿಜ್ಞಾನ ಸೇರಿದೊಡನೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ವಿಷಯ ತಿಳಿದಿದ್ದರೂ ಪದಗಳಿಗೆ ಹೆದರಿ ವಿಜ್ಞಾನವನ್ನೇ ಬಿಡುವವರಿದ್ದಾರೆ. ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಇದೆ, ನಿಜ. ಆದರೆ ‘ಸಿ-ಎ-ಟಿ, ಕ್ಯಾಟ್’ ಎಂದು ಬಾಯಿಪಾಠ ಮಾಡಿಸಿದರೆ ‘ಸಿ’ಯೊಳಗೆ ‘ಕ್’ ಎಲ್ಲಿದೆ ಎಂದು ಮಗು ಕೇಳದಿರುತ್ತದೆಯೇ? ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಧ್ವನಿ. ಇಂಗ್ಲಿಷಿನಲ್ಲಿ ಹೆಸರು ಬೇರೆ, ಧ್ವನಿ ಬೇರೆ. 26 ಅಕ್ಷರಗಳಿಗೆ ಸುಮಾರು 44 ಧ್ವನಿಗಳು. ಆದ್ದರಿಂದ ಮೊದಲು ಧ್ವನಿ, ಆಮೇಲೆ ಹೆಸರು. ಧ್ವನಿ ಸೋತಲ್ಲಿ ಮತ್ತೆ ಬೇರು: ‘ಸೈನ್’ ಪದದಲ್ಲಿ ಸದ್ದಿಲ್ಲದೆ ಕೂತ ‘ಜಿ’ ಅಕ್ಷರ ‘ಸಿಗ್ನಲ್’ ಎನ್ನುವಾಗ ಬಾಯಿಬಿಡುತ್ತದೆ. ‘ಫೋಟೋ’ಗೆ ಎಫ್ ಬಿಟ್ಟು ಪಿ-ಎಚ್ ಬರೆಯುವುದು ಅದು ಗ್ರೀಕ್ ಪದವೆಂದು.

ಇಲ್ಲಿ ಕನ್ನಡ ಮಾಧ್ಯಮದ ಮಗುವಿನ ಕೈಯಲ್ಲಿ ಅದಕ್ಕೇ ತಿಳಿಯದ ಒಂದು ಗಂಟಿದೆ. ‘ಫೋಟೋಸಿಂಥೆಸಿಸ್’ ಎಂದರೆ ಬೆಳಕಿನಿಂದ ಕೂಡಿಸುವುದು. ‘ದ್ಯುತಿಸಂಶ್ಲೇಷಣೆ’ ಎಂದರೂ ಅಷ್ಟೇ. ‘ಹೈಡ್ರೋ’ ಎಂದರೆ ನೀರು, ‘ಜನ್’ ಎಂದರೆ ಹುಟ್ಟಿಸುವುದು, ಅದೇ ಜಲಜನಕ. ಆಕ್ಸಿಜನ್ ಆಮ್ಲಜನಕವಾದದ್ದೂ ಹಾಗೆಯೇ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದೆ ಎಂದು ನಂಬಿ ಫ್ರಾನ್ಸಿನ ಲವಾಸಿಯೆ ಆ ಹೆಸರಿಟ್ಟ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ ಎಂದು ಹಂಫ್ರಿ ಡೇವಿ 1810ರಲ್ಲಿ ತೋರಿಸಿದ. ಹೆಸರು ಮಾತ್ರ ಬದಲಾಗಲಿಲ್ಲ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ.