ಪೆನ್‌ಡ್ರೈವ್‌ಗೆ ಬ್ಯಾಟರಿ ಯಾಕೆ?

ಸೂಲಿಬೆಲೆಯಿಂದ ಒಬ್ಬ ತಾಯಿ ಫೋನ್ ಮಾಡಿದ್ರು. "ಸಾರ್, ಮಗನ ಬ್ಯಾಗಲ್ಲಿ ಬೆರಳುದ್ದದ ಏನೋ ಸಿಕ್ಕಿದೆ. ಕೇಳಿದ್ರೆ ಪೆನ್‌ಡ್ರೈವ್ ಅಂತಾನೆ. ಮೂಸಿದ್ರೆ ಮಾವಿನಹಣ್ಣಿನ ವಾಸನೆ ಬರುತ್ತೆ. ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿದೆ" ಅಂದ್ರು. ಓದಿ ಅಮ್ಮಾ ಅಂದೆ. ಒಂದೊಂದೇ ಅಕ್ಷರ ಓದಿದ್ರು. 3.7 ವಿ. 550 ಎಂಎಎಚ್.

ಅಷ್ಟೇ ಸಾಕಾಯ್ತು. ವೀಕ್ಷಕರೇ, ಪೆನ್‌ಡ್ರೈವ್‌ಗೆ ಬ್ಯಾಟರಿ ಇರೋದಿಲ್ಲ. ಕಂಪ್ಯೂಟರ್‌ಗೆ ಚುಚ್ಚಿದಾಗ ಅಲ್ಲಿಂದಲೇ ಕರೆಂಟ್ ತಗೊಳ್ಳುತ್ತೆ. ಹಾಗಾದ್ರೆ ಎಂಎಎಚ್ ಅಂತ ಬರೆದಿರೋ ಈ ವಸ್ತು ಯಾವುದು? ಅದು ಇ-ಸಿಗರೇಟ್. ಆ ಹುಡುಗನ ಸುಳ್ಳನ್ನು ಹಿಡಿದುಕೊಟ್ಟಿದ್ದು ಎರಡು ಅಂಕಿ. ಇವತ್ತು ಆ ಎರಡು ಅಂಕಿಗಳ ಬಗ್ಗೆ ಮಾತಾಡೋಣ.

ನಿಮ್ಮ ತಾರಸಿ ಮೇಲಿನ ಸಿಂಟೆಕ್ಸ್ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆಯೋ ಕೆಳಗಿನ ನಲ್ಲಿಯಲ್ಲಿ ನೀರು ಅಷ್ಟು ಜೋರಾಗಿ ಬರುತ್ತೆ. ಆ ಒತ್ತಡವೇ ವೋಲ್ಟೇಜ್. ಟ್ಯಾಂಕ್‌ನಲ್ಲಿ ಎಷ್ಟು ಲೀಟರ್ ಹಿಡಿಯುತ್ತೆ ಅನ್ನೋದು ಬ್ಯಾಟರಿಯ ಸಾಮರ್ಥ್ಯ. ಅದನ್ನೇ ಎಂಎಎಚ್, ಅಂದ್ರೆ ಮಿಲಿ ಆಂಪಿಯರ್ ಅವರ್ ಅಂತ ಬರೀತಾರೆ. ಸಾವಿರ ಎಂಎಎಚ್ ಸೇರಿದರೆ ಒಂದು ಎಎಚ್. ನಲ್ಲಿ ತಿರುಗಿಸಿದಾಗ ಹರಿಯೋ ನೀರು ಇದೆಯಲ್ಲ, ಅದು ಕರೆಂಟ್. ಅದರ ಅಳತೆ ಆಂಪಿಯರ್.

ಅಂಗಡಿಯವರು ಎಂಎಎಚ್ ಒಂದನ್ನೇ ದೊಡ್ಡದಾಗಿ ತೋರಿಸ್ತಾರೆ. ಮೋಸ ಹೋಗೋದು ಅಲ್ಲೇ. ತೋಟಕ್ಕೆ ಔಷಧಿ ಹೊಡೆಯೋ ಬ್ಯಾಟರಿ ಪಂಪು ನೋಡಿ. ಸಾಮಾನ್ಯವಾಗಿ 12 ವೋಲ್ಟ್, 8 ಎಎಚ್ ಇರುತ್ತೆ. ಅಂದ್ರೆ 8,000 ಎಂಎಎಚ್. ಜೇಬಿನಲ್ಲಿರೋ ಪವರ್ ಬ್ಯಾಂಕ್ ಮೇಲೆ 10,000 ಅಂತ ಇರುತ್ತೆ. ಹಾಗಂತ ಪವರ್ ಬ್ಯಾಂಕ್ ದೊಡ್ಡದಾ? ಅಲ್ಲವೇ ಅಲ್ಲ. ವೋಲ್ಟನ್ನು ಎಎಚ್‌ನಿಂದ ಗುಣಿಸಿ. ಪಂಪಿಗೆ 12 ಗುಣಿಸು 8, ಅಂದ್ರೆ 96 ವ್ಯಾಟ್ ಅವರ್. ಪವರ್ ಬ್ಯಾಂಕ್ ಒಳಗಿನ ಸೆಲ್ 3.7 ವೋಲ್ಟ್, 10 ಎಎಚ್. ಅಂದ್ರೆ 37 ವ್ಯಾಟ್ ಅವರ್. ಅರ್ಧಕ್ಕಿಂತಲೂ ಕಡಿಮೆ! ಈ ವ್ಯಾಟ್ ಅವರ್ ಸಾವಿರ ಸೇರಿದರೆ ನಿಮ್ಮ ಬೆಸ್ಕಾಂ ಬಿಲ್ಲಿನ ಒಂದು ಯೂನಿಟ್.

ಪಕ್ಕದ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲೂ ಲೆಕ್ಕ ಇದೇ. ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು. 100 ವ್ಯಾಟ್ ಅವರ್ ದಾಟಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಕೈಚೀಲದಲ್ಲೇ ಯಾಕೆ? ಹೊಗೆ ಬಂದ್ರೆ ಕಣ್ಣಿಗೆ ಕಾಣಬೇಕು, ತಕ್ಷಣ ಆರಿಸಬೇಕು, ಅದಕ್ಕೆ.

ಈಗ ಆ ತಾಯಿಯ ಕೈಲಿದ್ದ ವಸ್ತುವಿಗೆ ಬರೋಣ. 3.7 ಗುಣಿಸು 0.55, ಅಂದ್ರೆ ಸುಮಾರು 2 ವ್ಯಾಟ್ ಅವರ್. ಇಂಥ 500 ಸೇರಿದ್ರೆ ಒಂದು ಯೂನಿಟ್. ಇಷ್ಟು ಚಿಕ್ಕದಕ್ಕೆ ಹೆದರಬೇಕಾ? ಹೆದರಬೇಕು. ಇಲ್ಲಿ ವಿಷಯ ಟ್ಯಾಂಕ್‌ನದ್ದಲ್ಲ, ನಲ್ಲಿಯದ್ದು.

ಅದರೊಳಗೆ ಒಂದು ಲೋಹದ ಸುರುಳಿ ಇರುತ್ತೆ. ಹುಡುಗ ಎಳೆದಾಗ ಸುರುಳಿ ಕಾದು, ನಿಕೋಟಿನ್ ಇರೋ ದ್ರವ ಆವಿಯಾಗುತ್ತೆ. ಸುರುಳಿಯ ರೋಧ ಒಂದು ಓಮ್ ಅಂತ ಇಟ್ಕೊಳ್ಳಿ. 3.7 ವೋಲ್ಟ್‌ಗೆ 3.7 ಆಂಪಿಯರ್ ಹರಿಯುತ್ತೆ. ಬಿಡದೆ ಎಳೆದರೆ ಆ ಬ್ಯಾಟರಿ 9 ನಿಮಿಷಕ್ಕೆ ಖಾಲಿ! ನಿಮ್ಮ ಫೋನಿನ ಬ್ಯಾಟರಿ ಗಂಟೆಗಟ್ಟಲೆ ನಿಧಾನವಾಗಿ ಖಾಲಿಯಾಗುತ್ತೆ. ಇದು ಹಾಗಲ್ಲ. ಪುಟ್ಟ ಟ್ಯಾಂಕಿಗೆ ದೊಡ್ಡ ನಲ್ಲಿ ಜೋಡಿಸಿದ ಹಾಗೆ. ಅಷ್ಟು ಕರೆಂಟ್ ಕೊಡೋ ತಾಕತ್ತಿಲ್ಲದ ಕಳಪೆ ಸೆಲ್ ಹಾಕಿದ್ದರೆ ಸೆಲ್ಲೇ ಕಾಯುತ್ತೆ, ಉಬ್ಬುತ್ತೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತೆ. ಇರೋದು ಎಲ್ಲಿ? ಹುಡುಗನ ಪ್ಯಾಂಟ್ ಜೇಬಲ್ಲಿ, ಬಾಯಿ ಹತ್ತಿರ.

ಇನ್ನೊಂದು ಮಾತು. 3.7 ಅನ್ನೋದು ಬರೀ ಹೆಸರಿಗೆ. ಫುಲ್ ಚಾರ್ಜ್ ಆದಾಗ ಈ ಸೆಲ್ 4.2 ವೋಲ್ಟ್, ಖಾಲಿಯಾಗುತ್ತಾ 3.2ಕ್ಕೂ ಇಳಿಯುತ್ತೆ. ವ್ಯತ್ಯಾಸ ಒಂದೇ ವೋಲ್ಟ್ ಅಂತೀರಾ? ಶಾಖ ಏರೋದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ಅದೇ ಸುರುಳಿ 3.2 ವೋಲ್ಟ್‌ಗೆ ಸುಮಾರು 10 ವ್ಯಾಟ್ ಕೊಟ್ಟರೆ, 4.2ಕ್ಕೆ 17 ವ್ಯಾಟ್ ದಾಟುತ್ತೆ. ದ್ರವ ಅತಿಯಾಗಿ ಕಾದರೆ ಫಾರ್ಮಾಲ್ಡಿಹೈಡ್‌ನಂಥ ವಿಷ ಹುಟ್ಟುತ್ತೆ. ಮಾವಿನಹಣ್ಣಿನ ವಾಸನೆ ಅದನ್ನು ಮುಚ್ಚಿಡುತ್ತೆ.

ಕಾನೂನು ಏನು ಹೇಳುತ್ತೆ? ಕರ್ನಾಟಕ ಇದನ್ನು 2016ರಲ್ಲೇ ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದು, ಅದೇ ವರ್ಷ ಕಾಯ್ದೆ ಮಾಡಿತು. ತಯಾರಿಕೆ, ಆಮದು, ಮಾರಾಟ, ಸಾಗಣೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷ, ಐದು ಲಕ್ಷದವರೆಗೂ ಹೋಗುತ್ತೆ. ದಾಸ್ತಾನು ಇಟ್ಟವರಿಗೂ ಶಿಕ್ಷೆ ಇದೆ. ನಿಷೇಧ ಆದಮೇಲೆ ಇಲ್ಲಿ ಸಿಗೋದೆಲ್ಲ ಕಳ್ಳಮಾಲು. ಕಳ್ಳಮಾಲಿನ ಸೆಲ್ ಪರೀಕ್ಷೆ ಮಾಡಿದವರು ಯಾರು ಸ್ವಾಮಿ? ಮೇಲೆ ಬರೆದ ಅಂಕಿಗೆ ಗ್ಯಾರಂಟಿ ಕೊಡೋರು ಯಾರು?

ಟಾರ್ಚಿಗೆ ಸೆಲ್ ಕೊಳ್ಳುವಾಗಲೂ ಇದು ನೆನಪಿರಲಿ. 18650 ಅನ್ನೋದು 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಸೆಲ್. ಒಳ್ಳೆ ಕಂಪನಿಯದ್ದೇ ಆದರೂ ಅದರಲ್ಲಿ ಹಿಡಿಯೋದು ಹೆಚ್ಚುಕಮ್ಮಿ 3,500 ಎಂಎಎಚ್. ಅದರ ಮೇಲೆ 9,900 ಅಂತ ಬರೆದಿದ್ದರೆ ಸುಮ್ಮನೆ ವಾಪಸ್ ಇಟ್ಟು ಬನ್ನಿ.

ಮತ್ತೆ ಆ ತಾಯಿ. "ಈಗ ಏನ್ ಮಾಡ್ಲಿ ಸಾರ್, ಒಲೆಗೆ ಹಾಕ್ಲಾ?" ಅಂದ್ರು. ಬೇಡ ಅಮ್ಮಾ ಅಂದೆ. ಬೆಂಕಿಗೆ ಹಾಕಬೇಡಿ, ಜಜ್ಜಬೇಡಿ, ಮತ್ತೆ ಚಾರ್ಜ್ ಮಾಡಬೇಡಿ. ಕಸದ ಗಾಡಿಗೂ ಹಾಕಬೇಡಿ, ಅಲ್ಲಿ ಒತ್ತಿದಾಗ ಹೊತ್ತಿಕೊಳ್ಳಬಹುದು. ಬಿಸಿಲು ಬೀಳದ, ಮಕ್ಕಳ ಕೈಗೆ ಸಿಗದ ಜಾಗದಲ್ಲಿಟ್ಟು ಇ-ತ್ಯಾಜ್ಯ ತಗೊಳ್ಳೋ ಕಡೆ ಕೊಡಿ.

ಹುಡುಗನಿಗೆ ಹೊಡೆಯಬೇಡಿ ಅಂತಲೂ ಹೇಳಿದೆ. ಹೊಡೆದರೆ ಮುಂದಿನ ಸಲ ಇನ್ನೂ ಚೆನ್ನಾಗಿ ಬಚ್ಚಿಡ್ತಾನೆ. ಕೂರಿಸಿಕೊಂಡು ಮಾತಾಡಿ. ಬಿಡೋಕೆ ಆಗ್ತಿಲ್ಲ ಅಂದ್ರೆ ತಂಬಾಕು ಬಿಡಿಸೋ ರಾಷ್ಟ್ರೀಯ ಸಹಾಯವಾಣಿ ಇದೆ, 1800-11-2356, ದುಡ್ಡು ಬೇಕಾಗಿಲ್ಲ. ಅಷ್ಟಾದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ. ಇದನ್ನು ನಿನಗೆ ಮಾರಿದ್ದು ಯಾರು?

ಜೈಲಿಗೆ ಹೋಗಬೇಕಾದವನು ಅವನು.