ಹಿಡಿದದ್ದು ಯಾವಾಗ ಹಿಡಿತವಾಯಿತು?

ಜೋಳದ ರಾಶಿ ಮುಗಿದು ಹೊಲಗಳು ಬಯಲಾದವೆಂದರೆ ನಮ್ಮ ಜತ್ತ ತಾಲೂಕಿನ ಮಕ್ಕಳಿಗೆ ಕ್ರೀಡಾಂಗಣಕ್ಕೆ ಬರವಿಲ್ಲ. ಶನಿವಾರ ಮುಂಜಾನೆಯ ಶಾಲೆ ಬಿಟ್ಟೊಡನೆ ಚೆಂಡು, ದಾಂಡು ಹೊರಬೀಳುತ್ತವೆ. ಓದುವುದು ಕನ್ನಡ ಶಾಲೆಯಲ್ಲಾದರೂ ಚೆಂಡು ಮೇಲೆದ್ದಾಗ ಹುಡುಗರು ಕೂಗುವುದು ಮರಾಠಿಯ 'ಝೇಲ್' ಎಂದೇ. ಗಡಿಯ ಬಾಯಿ ಹಾಗೆ!

ಹೋದ ವರ್ಷ ಅಂಥದೊಂದು ಶನಿವಾರ ತೀರ್ಪುಗಾರಿಕೆಯ ಹೊಣೆ ನಮ್ಮ ಮೇಲೆ ಬಿತ್ತು. ಏಳನೆಯ ಇಯತ್ತೆಯ ಹುಡುಗನೊಬ್ಬ ಹಿಮ್ಮುಖವಾಗಿ ಓಡಿ, ಮೇಲಿನ ಚೆಂಡನ್ನು ಹಿಡಿದು, ಹಿಡಿದ ರಭಸದಲ್ಲೇ ಮಣ್ಣಿಗೆ ಬಿದ್ದನು. ಧೂಳಡಗಿದಾಗ ಚೆಂಡು ಅವನ ಕೈಯಲ್ಲಿತ್ತು. "ಇಲ್ರಿ ಗುರುಗಳ, ಚೆಂಡು ನೆಲಕ್ಕ ಹತ್ತೇತ್ರಿ" ಎಂದು ದಾಂಡಿಗ ಹುಡುಗ ಅಂಗಲಾಚಿದನು. ನಾವು ಹಿಡಿದವನನ್ನೇ ಕೇಳಿದೆವು. "ಹಿಡದೇನ್ರಿ" ಎಂದನು. ನಾವು ಬೆರಳೆತ್ತಿದೆವು. ದಾಂಡಿಗ ಮಾತಿಲ್ಲದೆ ಮನೆಗೆ ನಡೆದನು. ಸೋಮವಾರ ಶಾಲೆಗೆ ಬರಲಿಲ್ಲ, ಮಂಗಳವಾರವೂ ಬರಲಿಲ್ಲ.

ಆಗ ನಾವು ನಿಯಮವನ್ನು ಹುಡುಕಿ ಓದಿದೆವು. ಮೂವತ್ತು ವರ್ಷ ಮಕ್ಕಳಿಗೆ ಆಟ ಆಡಿಸಿದವರು ಮೊದಲೇ ಓದಬೇಕಿತ್ತು. ಕ್ರಿಕೆಟ್ಟಿನ 33ನೆಯ ನಿಯಮದ ಪ್ರಕಾರ ಕ್ಯಾಚಿನ ಕ್ರಿಯೆ ಚೆಂಡು ಕ್ಷೇತ್ರರಕ್ಷಕನ ಮೈಗೆ ಮೊದಲು ತಾಕಿದಾಗ ಆರಂಭವಾಗುತ್ತದೆ. ಚೆಂಡಿನ ಮೇಲೂ ತನ್ನ ಚಲನೆಯ ಮೇಲೂ ಅವನಿಗೆ ಸಂಪೂರ್ಣ ಹಿಡಿತ ದೊರೆತಾಗಲೇ ಮುಗಿಯುತ್ತದೆ. ಚೆಂಡು ಹಿಡಿದ ಕೈ ನೆಲಕ್ಕೆ ತಾಕಿದರೆ ದೋಷವಿಲ್ಲ, ಚೆಂಡೇ ತಾಕಬಾರದು. ನಮ್ಮ ನುಡಿಯಲ್ಲಿ 'ಹಿಡಿಯುವುದು' ಬೇರೆ, 'ಹಿಡಿತ' ಬೇರೆಯಷ್ಟೆ. ನಿಯಮ ಕೇಳುವುದು ಎರಡನೆಯದನ್ನು.

2023ರ ಜುಲೈ 1ರಂದು ಲಾರ್ಡ್ಸ್ ಮೈದಾನದಲ್ಲಿ ಇದೇ ಪ್ರಶ್ನೆ ಎದ್ದಿತು. 50 ಓಟ ಗಳಿಸಿದ್ದ ಇಂಗ್ಲೆಂಡಿನ ಬೆನ್ ಡಕೆಟ್ ಹೊಡೆದ ಚೆಂಡನ್ನು ಆಸ್ಟ್ರೇಲಿಯದ ಮಿಚೆಲ್ ಸ್ಟಾರ್ಕ್ ಓಡಿಬಂದು ಹಿಡಿದರು. ಆದರೆ ಜಾರುತ್ತಿರುವಾಗಲೇ ಚೆಂಡನ್ನು ಹುಲ್ಲಿಗೆ ಊರಿದರು. ಡಕೆಟ್ ಮೈದಾನ ಬಿಟ್ಟು ಹೊರಟಿದ್ದರು. ಮೂರನೆಯ ತೀರ್ಪುಗಾರ ಎರಾಸ್ಮಸ್ ಅವರನ್ನು ಉಳಿಸಿದರು. ಸ್ಟಾರ್ಕರ ಕೈಯಲ್ಲಿ ಚೆಂಡಿತ್ತು, ಮೈಯ ಮೇಲೆ ಹತೋಟಿಯಿರಲಿಲ್ಲ. ಅಮೇರಿಕದವರು ತಮ್ಮ ಫುಟ್‌ಬಾಲಿನಲ್ಲಿ ಇದಕ್ಕಾಗಿ ವರ್ಷಗಟ್ಟಲೆ ಜಗಳಾಡಿದ್ದಾರೆ. 2015ರ ಜನವರಿಯಲ್ಲಿ ಡಲ್ಲಾಸ್ ತಂಡದ ಡೆಜ್ ಬ್ರಯಂಟ್ ಹಿಡಿದ ಚೆಂಡು ಬೀಳುವಾಗ ಅಲುಗಿತೆಂದು ರದ್ದಾಯಿತು. 2018ರಲ್ಲಿ ನಿಯಮವನ್ನೇ ತಿದ್ದಿದರು.

ಆಡಿದವನ ಮಾತನ್ನೇ ನಂಬಬಾರದೇ ಎಂದು ನೀವು ಕೇಳಬಹುದು. ನಮ್ಮ ಕನ್ನಡಿಗ ಅನಿಲ ಕುಂಬ್ಳೆಯವರು 2007-08ರ ಆಸ್ಟ್ರೇಲಿಯ ಪ್ರವಾಸದಲ್ಲಿ ನಾಯಕರಾಗಿ, ಕ್ಯಾಚಿನ ವಿಷಯದಲ್ಲಿ ಹಿಡಿದವನ ಮಾತೇ ಪ್ರಮಾಣವೆಂದು ಪಾಂಟಿಂಗರೊಡನೆ ಒಪ್ಪಂದ ಮಾಡಿಕೊಂಡಿದ್ದರು. ಸಿಡ್ನಿಯ ಕೊನೆಯ ದಿನ, ಜನವರಿ 6ರಂದು, 51 ಓಟ ಗಳಿಸಿದ್ದ ಗಂಗೂಲಿಯವರ ಚೆಂಡನ್ನು ಕ್ಲಾರ್ಕ್ ನೆಲದಂಚಿನಲ್ಲಿ ಹಿಡಿದರು. ತೀರ್ಪುಗಾರ ಬೆನ್ಸನ್ ಪಾಂಟಿಂಗರನ್ನು ಕೇಳಿದರು. ಅವರು ಬೆರಳೆತ್ತಿದರು, ಅದೇ ತೀರ್ಪಾಯಿತು. ಭಾರತ 122 ಓಟಗಳಿಂದ ಸೋತಿತು. ಕುಂಬ್ಳೆಯವರ ಆಶಯ ಉದಾತ್ತವಾದದ್ದು. ಅದನ್ನು ಹಳಿಯಲು ನಮಗೆ ಮನಸ್ಸಿಲ್ಲ. ಆದರೆ ಬೀಳುತ್ತಿರುವವನ ಕಣ್ಣು ತನ್ನ ಅಂಗೈಯ ಕೆಳಗನ್ನು ನೋಡಬಲ್ಲುದೇ? ಸುಳ್ಳಾಡದೆಯೂ ಅವನು ತಪ್ಪು ಹೇಳಬಹುದು.

ಬುಧವಾರ ನಾವು ಹಿಡಿದ ಹುಡುಗನನ್ನು ಕರೆದು ಮತ್ತೆ ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, "ಖರೇ ಅಂದ್ರ ನನಗೂ ಗೊತ್ತಾಗಿಲ್ರಿ. ನೀವು ಕೇಳಿದ್ರಿ, ಹಿಡದೇನಿ ಅಂದೆ" ಎಂದನು. ಅವನ ತಪ್ಪೇನು? ಉತ್ತರವಿಲ್ಲದ ಪ್ರಶ್ನೆಯನ್ನು ಮಗುವಿನ ತಲೆಗೆ ಕಟ್ಟಿದವರು ನಾವು.

ಅಂದು ಸಂಜೆ ದಾಂಡಿಗ ಹುಡುಗನ ಮನೆಗೆ ಹೋದೆವು. ಅವನ ಅವ್ವ ಚಹಾ ಕೊಟ್ಟರು. ಹುಡುಗ ಕಂಬದ ಮರೆಯಲ್ಲಿ ನಿಂತಿದ್ದನು. ಸಂಶಯದ ಲಾಭ ನಿನಗೆ ಸಲ್ಲಬೇಕಿತ್ತು, ನಾವು ತಪ್ಪಿದೆವು ಎಂದು ಹೇಳಿದೆವು. ಗುರುವಾರ ಅವನು ಶಾಲೆಗೆ ಬಂದನು, ಪಾಟಿಚೀಲದೊಳಗೆ ಚೆಂಡನ್ನೂ ಇಟ್ಟುಕೊಂಡು.